ಮದುವೆ ಹಾಲ್‌ಗೆ ಕೋಲು ಬೇಕಾ, ವೀಲ್‌ಚೇರ್ ಬೇಕಾ? ಹೀಗೆ ಲೆಕ್ಕ ಹಾಕಿ

ಮದುವೆ ಹತ್ತಿರ ಬಂತೆಂದರೆ ಸೀರೆ, ಉಡುಗೊರೆ, ಹೋಗಿ ಬರುವ ಕಾರು ಎಲ್ಲದರ ಮಾತೂ ಮನೆಯಲ್ಲಿ ಆಗುತ್ತದೆ. ಗಂಟುನೋವಿನ ಅಮ್ಮ ಕೋಲು ಹಿಡಿದು ಬರುತ್ತಾರಾ ಇಲ್ಲವಾ ಎಂಬ ಮಾತು ಮಾತ್ರ ಚಪ್ಪಲಿ ಹಾಕುವಾಗ ಬರುತ್ತದೆ. "ಇವತ್ತೊಂದು ದಿನ ಬೇಡ ಅಮ್ಮ, ನಾವೆಲ್ಲ ಇದ್ದೇವಲ್ಲ" ಎಂದು ಮಗ ಹೇಳುತ್ತಾನೆ. ಹಾಲ್ ತಲುಪಿದ ಮೇಲೆ ಮಗ ಪಾರ್ಕಿಂಗ್ ಹುಡುಕಲು ಹೋಗುತ್ತಾನೆ. ಸೊಸೆ ಮಕ್ಕಳ ಹಿಂದೆ ಓಡುತ್ತಾಳೆ. ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತಿರುತ್ತಾರೆ.

ಈ ತೀರ್ಮಾನವನ್ನು ಒಂದು ವಾರ ಮೊದಲೇ ಮಾಡಿಬಿಡಿ. ಮಾಡಬೇಕಾದವರು ಯಾರ ಕಾಲೋ ಅವರೇ. ಉಳಿದವರು ಸಲಹೆ ಕೊಡಬಹುದು, ಅಷ್ಟೇ. ಮತ್ತೆ, "ನನಗೆ ನಡೆಯಲು ಆಗುತ್ತದಾ?" ಎಂದು ಕೇಳಿಕೊಳ್ಳಬೇಡಿ. ಮದುವೆಯ ಹುಮ್ಮಸ್ಸಿನಲ್ಲಿ ಎಲ್ಲರಿಗೂ ಆಗುತ್ತದೆ. "ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹೇಗಿರುತ್ತೇನೆ?" ಎಂದು ಕೇಳಿಕೊಳ್ಳಿ.

ಆ ದಿನವನ್ನು ಬಿಡಿಸಿ ಬರೆಯಿರಿ

ಕಾರಿನಿಂದ ಇಳಿಯುವಲ್ಲಿಂದ ಮತ್ತೆ ಕಾರು ಹತ್ತುವವರೆಗೆ ಏನೇನು ಉಂಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರು ನಡೆಯುವುದಾ, ನಿಲ್ಲುವುದಾ, ಹತ್ತಿ ಇಳಿಯುವುದಾ ಎಂದು ಗುರುತು ಹಾಕಿ.

ಬರೆದು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆಯ ಮದುವೆಯಲ್ಲಿ ನಡೆಯುವುದು ಕಡಿಮೆ, ನಿಲ್ಲುವುದು ಜಾಸ್ತಿ. ವಧೂವರರಿಗೆ ಶುಭ ಹೇಳಲು ವೇದಿಕೆಯ ಪಕ್ಕ ಸಾಲು. ಮೇಲೆ ಹೋದ ಮೇಲೆ ಫೋಟೋದವರ "ಇನ್ನೊಂದು, ಇನ್ನೊಂದು". ಆಮೇಲೆ ಊಟದ ಹಾಲ್ ಬಾಗಿಲಲ್ಲಿ ಮುಂದಿನ ಪಂಕ್ತಿಗೆ ಕಾಯುವುದು. ಕೆಲವು ಕಡೆ ಉಣ್ಣುತ್ತಿರುವವರ ಕುರ್ಚಿ ಹಿಂದೆಯೇ ನಿಂತು ಜಾಗ ಹಿಡಿಯಬೇಕು. ಗಂಟುನೋವು ಇರುವ ಎಷ್ಟೋ ಜನರಿಗೆ ನಾಲ್ಕು ಹೆಜ್ಜೆ ನಡೆಯುವುದಕ್ಕಿಂತ ಒಂದೇ ಕಡೆ ನಿಲ್ಲುವುದೇ ಕಷ್ಟ. ಸೊಂಟದ ಹತ್ತಿರ ನರ ಒತ್ತಿಕೊಂಡವರಿಗಂತೂ ನಿಂತಷ್ಟೂ ಕಾಲು ಜೋಮು ಹಿಡಿಯುತ್ತದೆ, ಕೂತರೆ ಹಗುರಾಗುತ್ತದೆ. ಹಾಗಾಗಿ "ಅಂಗಡಿವರೆಗೆ ದಿನಾ ನಡೆಯುತ್ತೇನಲ್ಲ" ಎಂಬ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕಾರ್ಯಕ್ರಮ ಯಾವುದು ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಮನೆ ಅಂಗಳದ ಮೆಹಂದಿಯಾದರೆ ರಾತ್ರಿ ಹೊತ್ತು, ಬಣ್ಣದ ಲೈಟು, ನೆಲದ ಮೇಲೆ ಸೌಂಡ್‌ನವರ ವೈರು. ಕ್ಯಾಥೊಲಿಕ್ ಮನೆಯ ರೋಸ್ (ಮದುವೆಗೆ ಮೊದಲು ತೆಂಗಿನಹಾಲು ಹಚ್ಚುವ ಶಾಸ್ತ್ರ) ಆದರೆ ತೆಂಗಿನಹಾಲು, ಎಣ್ಣೆ ನೆಲಕ್ಕೆ ಬಿದ್ದೇ ಬೀಳುತ್ತದೆ. ಹಚ್ಚಲು ಹತ್ತಿರ ಹೋಗುವವರು ಮೊದಲಿಗರ ಸಾಲಿನಲ್ಲೇ ಹೋಗಿ ಬಂದುಬಿಡುವುದು ಒಳ್ಳೆಯದು. ದೇವಸ್ಥಾನದಲ್ಲಿ ಮದುವೆಯಾದರೆ ಬರಿಗಾಲು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬಿಸಿಲಿನ ಕಲ್ಲು ಸುಡುವುದೂ ಗೊತ್ತಾಗುವುದಿಲ್ಲ, ಎಡವಿದ್ದೂ ಗೊತ್ತಾಗುವುದಿಲ್ಲ.

ಹಾಲ್ ಬಗ್ಗೆ ಕೇಳಿ, ಆದರೆ ಸರಿಯಾಗಿ ಕೇಳಿ

"ಲಿಫ್ಟ್ ಉಂಟಾ?" ಎಂದರೆ "ಉಂಟು" ಎನ್ನುತ್ತಾರೆ. ಅಲ್ಲಿಗೆ ನಿಲ್ಲಿಸಬೇಡಿ. ಲಿಫ್ಟ್ ಊಟದ ಹಾಲ್‌ವರೆಗೂ ಇಳಿಯುತ್ತದಾ? ಅದರ ಬಾಗಿಲಿಗೆ ಹೋಗಲು ಎಷ್ಟು ಮೆಟ್ಟಿಲು? (ನಗಬೇಡಿ, ಮೂರು ಮೆಟ್ಟಿಲು ಹತ್ತಿ ಲಿಫ್ಟ್ ಹಿಡಿಯುವ ಕಟ್ಟಡಗಳಿವೆ.) ಕರೆಂಟು ಹೋದರೆ ಜನರೇಟರ್‌ನಲ್ಲಿ ಓಡುತ್ತದಾ? ಮೆಟ್ಟಿಲಿಗೆ ಕೈಹಿಡಿ ಎರಡೂ ಕಡೆ ಇದೆಯಾ? ಕಮೋಡ್ ಇರುವ ಟಾಯ್ಲೆಟ್ ಯಾವ ಮಹಡಿಯಲ್ಲಿ?

ಇನ್ನೂ ಒಳ್ಳೆಯ ಉಪಾಯ: ಹಾಲ್ ನೋಡಲು ಹೋಗುವ ಹುಡುಗರಲ್ಲಿ ಯಾರಿಗಾದರೂ ಗೇಟಿನಿಂದ ಊಟದ ಮೇಜಿನವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಲು ಹೇಳಿ. ಕೆಂಪುಕಲ್ಲಿನ ಮೆಟ್ಟಿಲು, ಎದ್ದು ನಿಂತ ಇಂಟರ್‌ಲಾಕ್, ಮಿರಿಮಿರಿ ಗ್ರಾನೈಟ್ ಎಲ್ಲ ಅದರಲ್ಲಿ ಕಾಣುತ್ತದೆ. ಮಂಗಳೂರು ಗುಡ್ಡದ ಊರು. ಬಾವುಟಗುಡ್ಡೆ, ಕದ್ರಿ ಕಡೆ ಗೇಟಿನಿಂದ ಬಾಗಿಲಿಗೆ ಹೋಗುವುದೇ ಒಂದು ಏರು ಆಗಿರಬಹುದು. ಉಡುಪಿಯ ರಥಬೀದಿ ಸುತ್ತಮುತ್ತ ಕಾರ್ಯಕ್ರಮವಾದರೆ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ದೂರ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ದೇವಸ್ಥಾನದವರಲ್ಲಿ ಇನ್ನೊಂದು ಕೇಳಲಿಕ್ಕಿದೆ. ಕೋಲು ಎಲ್ಲಿಯವರೆಗೆ ಒಯ್ಯಬಹುದು? ಕೋಲಿನ ತುದಿಯ ರಬ್ಬರ್ ಬುಷ್ ತೊಳೆದರೆ ಕೆಲವು ಕಡೆ ಒಪ್ಪುತ್ತಾರೆ. ಒಳಗೆ ಬಿಡುವುದಿಲ್ಲ ಎಂದರೆ ಹೊರಗಿನ ಸಭಾಭವನದಲ್ಲೇ ಕೂತು ಧಾರೆ ನೋಡಲು ಆಗುತ್ತದಾ ಎಂದು ವಿಚಾರಿಸಿ.

ನಿಮ್ಮ ಸಾಧಾರಣ ದಿನವನ್ನು ಅಳೆಯಿರಿ

ಚೆನ್ನಾಗಿರುವ ದಿನ ನೋಡಿ ತೀರ್ಮಾನ ಮಾಡಬೇಡಿ. ತೀರಾ ಕೆಟ್ಟ ದಿನವೂ ಬೇಡ. ಮಾಮೂಲಿ ಒಂದು ದಿನ, ಮುಹೂರ್ತ ಇರುವ ಹೊತ್ತಿಗೇ, ಅಡುಗೆಮನೆ ಕಟ್ಟೆ ಹಿಡಿಯದೆ ಎಷ್ಟು ನಿಮಿಷ ನಿಲ್ಲಬಹುದು ನೋಡಿ. ಬೀಳುವ ಭಯ ಇದ್ದವರು ಪಕ್ಕದಲ್ಲಿ ಯಾರನ್ನಾದರೂ ಇಟ್ಟುಕೊಳ್ಳಿ. ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲು ಆಗುತ್ತದಾ ಅದನ್ನೂ ನೋಡಿ.

ಹೊತ್ತು ಮುಖ್ಯ. ರುಮಟಾಯ್ಡ್ ಸಂಧಿವಾತ ಇರುವವರಿಗೆ ಬೆಳಿಗ್ಗೆ ಗಂಟುಗಳು ಬಿಗಿದಿರುತ್ತವೆ, ಮಧ್ಯಾಹ್ನಕ್ಕೆ ಸಡಿಲ ಆಗುತ್ತವೆ. ಪಾರ್ಕಿನ್ಸನ್ ಇರುವವರಿಗೆ ಮಾತ್ರೆಯ ಪ್ರಭಾವ ಇರುವಷ್ಟು ಹೊತ್ತು ನಡಿಗೆ ಸರಾಗ, ಇಳಿದ ಮೇಲೆ ಕಾಲು ನೆಲಕ್ಕೆ ಅಂಟಿದ ಹಾಗೆ. ಅಂಥವರು ವೇದಿಕೆಗೆ ಹೋಗುವ ಹೊತ್ತನ್ನು ಮಾತ್ರೆಯ ಹೊತ್ತಿಗೆ ಹೊಂದಿಸಿಕೊಳ್ಳಬೇಕು.

ಕೋಲಿನ ಬದಲು ಎರಡು ನೋವಿನ ಮಾತ್ರೆ ನುಂಗಿ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ. ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಕೆಲವು ನೋವಿನ ಮಾತ್ರೆ ಅಪಾಯ. ಡಾಕ್ಟರನ್ನು ಕೇಳದೆ ಬೇಡ. ಇತ್ತೀಚೆಗೆ ಬಿದ್ದಿದ್ದರೆ, ಎದ್ದಾಗ ತಲೆ ತಿರುಗುತ್ತಿದ್ದರೆ ಕೋಲು ಕೊಳ್ಳುವ ಮೊದಲು ಅವರನ್ನು ಕಾಣಿ. ಒಂದು ಕಡೆಯ ಕೈಕಾಲು ಇದ್ದಕ್ಕಿದ್ದ ಹಾಗೆ ಸೋತರೆ ಆ ಕ್ಷಣವೇ ಆಸ್ಪತ್ರೆ, ಮದುವೆ ಆಮೇಲೆ.

ಕೋಲಾ, ವಾಕರಾ, ವೀಲ್‌ಚೇರಾ?

ಇಡೀ ದಿನಕ್ಕೆ ಒಂದೇ ಆಗಬೇಕೆಂದಿಲ್ಲ. ಬರೆದ ಹಾಳೆ ನೋಡಿ.

ಒಂದು ಕಾಲು ಮಾತ್ರ ನೋವು, ಹಿಡಿದುಕೊಳ್ಳಲು ಸ್ವಲ್ಪ ಆಧಾರ ಸಾಕು ಎಂದರೆ ಕೋಲು. ಆದರೆ ಕೋಲು ಒಂದು ಕೈಯನ್ನು ತಿನ್ನುತ್ತದೆ. ಬಫೆ ಊಟವಾದರೆ ಇನ್ನೊಂದು ಕೈಯಲ್ಲಿ ತಟ್ಟೆ, ಬಡಿಸಿಕೊಳ್ಳಲು ಕೈಯೇ ಇಲ್ಲ. ತಂದುಕೊಡುವವರು ಯಾರು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಕೋಲಿಗೆ ಮಣಿಕಟ್ಟಿನ ದಾರ ಇದ್ದರೆ ಅಕ್ಷತೆ ಹಾಕುವಾಗ ಕೋಲು ಕೆಳಗೆ ಬೀಳುವುದಿಲ್ಲ. ನಾಲ್ಕು ಕಾಲಿನ ಕೋಲು ಸಮನೆಲದಲ್ಲಿ ಗಟ್ಟಿ. ಇಳಿಜಾರಿನಲ್ಲಿ, ಸಣ್ಣ ಮೆಟ್ಟಿಲಲ್ಲಿ ನಾಲ್ಕೂ ಕಾಲು ಊರದೆ ಅಲುಗಾಡುತ್ತದೆ.

ಎರಡೂ ಕಾಲು ದುರ್ಬಲ, ಸಮತೋಲ ತಪ್ಪುತ್ತದೆ ಎಂದರೆ ವಾಕರ್. ಮೆಟ್ಟಿಲಿಗೆ ಅದು ಆಗುವುದಿಲ್ಲ. ಕುರ್ಚಿ ಸಾಲುಗಳ ನಡುವೆಯೂ ತೂರುವುದು ಕಷ್ಟ.

ದೂರ ಜಾಸ್ತಿ, ನಿಲ್ಲುವುದು ಜಾಸ್ತಿ ಎಂದಾದರೆ ನನ್ನ ಮತ ವೀಲ್‌ಚೇರಿಗೆ. ಇಲ್ಲಿ ಬರುವ ದೊಡ್ಡ ಅಳುಕು: "ನಡೆಯಲು ಬರುವವಳು ವೀಲ್‌ಚೇರಿನಲ್ಲಿ ಕೂತರೆ ನಾಟಕ ಅಂತಾರೆ." ವೀಲ್‌ಚೇರ್ ಬಳಸುವ ಎಷ್ಟೋ ಜನ ಎದ್ದು ನಿಲ್ಲಬಲ್ಲರು, ಹತ್ತು ಹೆಜ್ಜೆ ಇಡಬಲ್ಲರು. ಹಾಲ್‌ನ ಈ ತುದಿಯಿಂದ ಆ ತುದಿಗೆ ಚೇರಿನಲ್ಲಿ ಹೋಗಿ, ಮಗಳ ಪಕ್ಕ ಎದ್ದು ನಿಂತು ಫೋಟೋ ತೆಗೆಸಿಕೊಂಡು ಮತ್ತೆ ಕೂರುವುದರಲ್ಲಿ ಮೋಸ ಎಂತದ್ದು?

ಚೇರ್ ಒಯ್ಯುವುದಾದರೆ ಟೇಪ್ ಹಿಡಿಯಿರಿ. ಸಾಮಾನ್ಯ ಮಡಚುವ ಚೇರಿನ ಹೊರ ಅಗಲ ಸುಮಾರು 60ರಿಂದ 65 ಸೆಂಟಿಮೀಟರ್. ಹಳೇ ಹಾಲ್‌ಗಳ ಟಾಯ್ಲೆಟ್ ಬಾಗಿಲು ಅದಕ್ಕಿಂತ ಕಿರಿದಾಗಿರಬಹುದು. ರ‍್ಯಾಂಪ್‌ಗೆ ನಮ್ಮ ದೇಶದ ಮಾರ್ಗಸೂಚಿ ಹೇಳುವ ಇಳಿಜಾರು 1ಕ್ಕೆ 12, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅಡುಗೆಯವರ ಪಾತ್ರೆ ಸಾಗಿಸಲು ಹಿಂಬದಿಯಲ್ಲಿ ಮಾಡಿದ ಕಡಿದಾದ ಇಳಿಜಾರನ್ನು ತೋರಿಸಿ "ರ‍್ಯಾಂಪ್ ಉಂಟು" ಎನ್ನುವವರಿದ್ದಾರೆ. ಅದರಲ್ಲಿ ಚೇರನ್ನು ಮುಖ ಮುಂದಾಗಿ ಇಳಿಸಲೇಬಾರದು. ಹಿಮ್ಮುಖವಾಗಿ, ನಿಧಾನವಾಗಿ.

ಇದೇ ಲೆಕ್ಕವನ್ನು ವೇದಿಕೆಗೆ ಹಾಕಿ. ಮೂರು ಅಡಿ ಎತ್ತರದ ವೇದಿಕೆಗೆ 36 ಅಡಿ ರ‍್ಯಾಂಪ್ ಬೇಕು. ಒಂದು ದಿನಕ್ಕೆ ಯಾರೂ ಕಟ್ಟಿಸುವುದಿಲ್ಲ. ಹುಡುಗರು ನಾಲ್ಕು ಜನ ಚೇರ್ ಸಮೇತ ಎತ್ತುತ್ತೇವೆ ಎಂದು ಮುಂದೆ ಬರುತ್ತಾರೆ. ನನಗೆ ಅದು ಒಂದಿಷ್ಟೂ ಇಷ್ಟವಿಲ್ಲ. ಕೈಯಿಡುವ ಹಿಡಿ, ಪಾದ ಇಡುವ ಹಲಗೆ ಹಿಡಿದು ಎತ್ತಿದರೆ ಅವು ಕಳಚಿ ಬರಬಹುದು. ಸುಲಭದ ದಾರಿ ಬೇರೆ ಉಂಟು. ಸಾಲು ಶುರುವಾಗುವ ಮೊದಲು ಮದುಮಕ್ಕಳೇ ಎರಡು ನಿಮಿಷ ಕೆಳಗೆ ಇಳಿದು ಬರಲಿ. ಅಜ್ಜಿಯ ಆಶೀರ್ವಾದಕ್ಕೆ ಇಳಿದು ಬರಲ್ಲ ಎನ್ನುವ ಮದುಮಗ ಇರಲಿಕ್ಕಿಲ್ಲ. ಕೇಳಬೇಕು, ಅಷ್ಟೇ.

ಚೇರ್ ಕೊಳ್ಳಬೇಕಿಲ್ಲ. ಆಸ್ಪತ್ರೆಗಳ ಹತ್ತಿರದ ಸರ್ಜಿಕಲ್ ಅಂಗಡಿಗಳಲ್ಲಿ ಬಾಡಿಗೆಗೆ ಕೇಳಿ ನೋಡಿ. ತರುವಾಗ ಬ್ರೇಕ್ ಎರಡೂ ಹಿಡಿಯುತ್ತವಾ ನೋಡಿ. ಬಾಡಿಗೆ ಕಾರು ಸಿಎನ್‌ಜಿಯದ್ದಾದರೆ ಡಿಕ್ಕಿಯಲ್ಲಿ ಸಿಲಿಂಡರ್ ಇದ್ದು ಚೇರ್ ಹಿಡಿಯದೆ ಇರಬಹುದು. 60 ದಾಟಿದ ಬಡ ಕುಟುಂಬದವರಿಗೆ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ 2017ರಿಂದ ಕೋಲು, ವಾಕರ್, ವೀಲ್‌ಚೇರ್ ಉಚಿತವಾಗಿ ಕೊಡುತ್ತಾರೆ. ಆದರೆ ಅದು ಶಿಬಿರ, ತಪಾಸಣೆ ಎಲ್ಲ ಮುಗಿದು ಬರಬೇಕು. ಈ ಮದುವೆಗೆ ನಂಬಿ ಕೂರಬೇಡಿ.

ಅಳತೆ ಮತ್ತು ಅಭ್ಯಾಸ

ಹೊಸ ಕೋಲನ್ನು ಮೊದಲ ಸಲ ಮದುವೆಯ ದಿನವೇ ಹಿಡಿಯಬೇಡಿ. ಒಂದು ವಾರ ಮನೆಯಲ್ಲಿ, ರಸ್ತೆಯಲ್ಲಿ ನಡೆದು ನೋಡಿ. ಸಾಧ್ಯವಾದರೆ ಒಮ್ಮೆ ಫಿಸಿಯೋಥೆರಪಿಸ್ಟ್ ಎದುರು ನಡೆಯಿರಿ.

ಆ ದಿನ ಹಾಕುವ ಚಪ್ಪಲಿಯನ್ನೇ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಡಿ. ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಕೋಲಿನ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಚಪ್ಪಲಿ ಬಿಡುವ ಜಾಗಕ್ಕೆ ಹೋಗುವುದಾದರೆ ಅಳತೆ ಬದಲಾಗುತ್ತದೆ, ತೂತಿರುವ ಅಲ್ಯುಮಿನಿಯಂ ಕೋಲಾದರೆ ಒಂದು ತೂತು ಇಳಿಸಿ.

ಕೋಲು ನೋವಿನ ಕಾಲಿನ ಕಡೆ ಅಲ್ಲ, ಎದುರು ಕೈಯಲ್ಲಿ. ಬಲ ಮೊಣಗಂಟು ನೋವಾದರೆ ಎಡಗೈ. ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಕೈಹಿಡಿ ಇದ್ದರೆ ಬಿಡಬೇಡಿ.

ರಬ್ಬರ್ ಬುಷ್ ತಿರುಗಿಸಿ ನೋಡಿ. ಅಡಿಯ ಗೆರೆ ಸವೆದಿದ್ದರೆ ಹೊಸದು ಹಾಕಿಸಿ. ನೀರು ಬಿದ್ದ ಗ್ರಾನೈಟ್, ಉದುರಿದ ಮಲ್ಲಿಗೆ ಎಸಳು, ಸವೆದ ಬುಷ್ ಮೂರೂ ಸೇರಿದರೆ ಕೇಳಲೇಬೇಡಿ. ಸೀರೆಯ ನೆರಿಗೆ ಒಂದಿಂಚು ಮೇಲಿರಲಿ, ಪಿನ್ ಹಾಕಿ. ಚೇರಿನಲ್ಲಿ ಕೂರುವವರು ಸೆರಗು ಚಕ್ರಕ್ಕೆ ಸಿಗದ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳಿ.

ಜನ ಕೇಳುತ್ತಾರೆ

ಕೇಳದೆ ಬಿಡುವುದಿಲ್ಲ. "ಎಂತ ಆಯ್ತು ಮಾರಾಯ್ರೆ, ಮೊನ್ನೆ ಮೊನ್ನೆ ಚೆನ್ನಾಗಿದ್ರಲ್ಲ?" ಎನ್ನುವವರಲ್ಲಿ ಕಾಳಜಿ ಇರುವವರು ಇದ್ದಾರೆ, ಸುಮ್ನೆ ಕೇಳುವವರೂ ಇದ್ದಾರೆ. ಎಲ್ಲರಿಗೂ ಎಕ್ಸ್‌ರೇ ವರದಿ ಕೊಡಬೇಕಾಗಿಲ್ಲ. ನಾನೂ ಕೋಲು ಹಿಡಿಯುವವಳೇ. ನನ್ನ ಉತ್ತರ: "ಕಾಲಿಗೊಂದು ಆಧಾರ. ನಿಮ್ಮ ಮಗಳು ಊರಿಗೆ ಬಂದಿದ್ದಾಳಾ?" ಮಕ್ಕಳ ಮಾತು ಬಂದ ಮೇಲೆ ನನ್ನ ಕಾಲು ಯಾರಿಗೂ ನೆನಪಿರುವುದಿಲ್ಲ.

ಕರೆದವರಿಗೆ ಮಾತ್ರ ಮೊದಲೇ ಸ್ಪಷ್ಟವಾಗಿ ಹೇಳಿ. "ಚಿಕ್ಕಮ್ಮ, ನಾನು ವೀಲ್‌ಚೇರಿನಲ್ಲಿ ಬರುತ್ತೇನೆ. ಸಾಲಿನ ಕೊನೆಯಲ್ಲಿ ಒಂದು ಕುರ್ಚಿ ತೆಗೆಸಿ ಜಾಗ ಬಿಡಿ, ಮೊದಲ ಪಂಕ್ತಿಗೆ ಊಟಕ್ಕೆ ಕೂರಿಸಿ." ಇಷ್ಟು ಸಾಕು. ಚೇರ್ ತಳ್ಳುವವರು ಯಾರೆಂದೂ ಹೆಸರು ಹಿಡಿದು ಗೊತ್ತುಮಾಡಿ. "ಎಲ್ಲರೂ ಇದ್ದಾರಲ್ಲ" ಎಂದರೆ ಆ ಹೊತ್ತಿಗೆ ಯಾರೂ ಇರುವುದಿಲ್ಲ. ತಳ್ಳುವವರಿಗೂ ಒಂದು ಮಾತು: ಕೂತವರನ್ನು ಕೇಳದೆ ತಿರುಗಿಸಬೇಡಿ. ಅವರು ಯಾರೊಡನೆಯೋ ಮಾತಾಡುತ್ತಿರುತ್ತಾರೆ.

ಹಾಲ್ ಒಳಗೆ

ಮುಂದಿನ ಸಾಲಿನ ಸೋಫಾಕ್ಕೆ ಕೈ ಹಿಡಿದು ಕರೆದೊಯ್ಯುತ್ತಾರೆ. ಮರ್ಯಾದೆಯ ಜಾಗ ಹೌದು. ಆದರೆ ಗಂಟುನೋವಿನವರಿಗೆ ಅದರಷ್ಟು ಕೆಟ್ಟ ಸೀಟು ಇನ್ನೊಂದಿಲ್ಲ. ತಗ್ಗು, ಮೆತ್ತಗೆ, ಏಳಲು ಹಿಡಿತವಿಲ್ಲ. ಕೈಯಿರುವ ಎತ್ತರದ ಕುರ್ಚಿ ಕೇಳಿ ಕೂರಿ.

ಕಾಲು ಮುಟ್ಟಿ ನಮಸ್ಕರಿಸಲು ಮಕ್ಕಳು ಬಗ್ಗುವಾಗ ಕೋಲು ಅವರ ತಲೆಗೆ ತಾಗುತ್ತದೆ, ಇಲ್ಲವೇ ಅವರು ಕೋಲಿಗೆ ತಾಗುತ್ತಾರೆ. ಕೂತೇ ಆಶೀರ್ವಾದ ಮಾಡಿ. ಊಟಕ್ಕೆ ಕೂತಾಗ ಕೋಲನ್ನು ಹಿಂದಿನ ದಾರಿಯಲ್ಲಿ ಚಾಚಬೇಡಿ. ಸಾರಿನ ಬಕೆಟ್ ಹಿಡಿದು ಓಡುವ ಹುಡುಗ ಎಡವಿದರೆ ಸುಟ್ಟುಕೊಳ್ಳುವವರು ಇಬ್ಬರು. ಮೇಜಿನ ಅಡಿ, ನಿಮ್ಮ ಕಾಲಿನ ನಡುವೆ ಇರಲಿ. ನೆಲದ ಪಂಕ್ತಿಯಾದರೆ ಪಕ್ಕದಲ್ಲಿ ಮೇಜು ಕುರ್ಚಿ ಹಾಕಿಸಿಕೊಳ್ಳಲು ಸಂಕೋಚ ಬೇಡ. ಕೈ ತೊಳೆಯುವ ಜಾಗ ಹಾಲ್‌ನಲ್ಲೇ ಹೆಚ್ಚು ಜಾರುವ ನೆಲ. ಎಲೆ ಮುಂದೆಯೇ ಒಂದು ಬಟ್ಟಲು ನೀರು ತರಿಸಿ.

ಹೊರಡುವ ಹೊತ್ತನ್ನು ಮನೆಯಲ್ಲೇ ಮಾತಾಡಿಕೊಂಡಿರಿ. ಊಟ ಮುಗಿದ ಮೇಲೆ ಎಲ್ಲರ ಕಾರೂ ಒಟ್ಟಿಗೆ ಹೊರಡುತ್ತವೆ, ಗೇಟಿನಲ್ಲಿ ಮತ್ತೆ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಪಾಯಸ ಎಲೆಗೆ ಬೀಳುವ ಹೊತ್ತಿಗೆ ಡ್ರೈವರ್‌ಗೆ ಫೋನ್ ಮಾಡಿಬಿಡಿ.