ಕಾಡಿನಿಂದ ತಂದ ಚಿತ್ರಕ್ಕೆ ಹಿನ್ನೆಲೆ ಬರೆಯುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನಲ್ಲಿ ಒಂದು ಮಳೆಗಾಲ ನಾನು ತೆಗೆದ ಚಿತ್ರದಲ್ಲಿ ಹಳ್ಳದ ಅಂಚಿಗೆ ಬಾಗಿದ ಒಂದು ಕಡ್ಡಿಯೂ ಅದಕ್ಕೆ ಮೆತ್ತಿದ ಕೆಸರೂ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮನೆಗೆ ಬಂದವರಿಗೆ ತೋರಿಸಿದರೆ ಅರೆಗಳಿಗೆ ನೋಡಿ ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಆ ಕೆಸರಿನ ಕೆಳಗೆ ಮೊಟ್ಟೆಗಳಿವೆ, ಅವನ್ನು ಮುಚ್ಚಿದ್ದು ಗಂಡು ಕಪ್ಪೆ, ಅದು ಹಿಂಗಾಲಿನ ಮೇಲೆ ನಿಂತು ಮುಂಗಾಲುಗಳಿಂದ ಹಳ್ಳದ ಕೆಸರನ್ನು ಎತ್ತಿ ಎತ್ತಿ ಮೊಟ್ಟೆಗಳ ಮೇಲೆ ಬಳಿಯುತ್ತದೆ ಎಂದು ಹೇಳಿದೊಡನೆ ಅವರೇ ಹಿಂದಿನ ಚಿತ್ರಕ್ಕೆ ಮರಳಿ, ಬೆರಳಿನಿಂದ ಹಿಗ್ಗಿಸಿ ಮತ್ತೆ ನೋಡುತ್ತಾರೆ. ಕುಂಬಾರ ಕಪ್ಪೆ ಎಂಬ ಹೆಸರು ಪಡೆದ ಈ ಜೀವಿಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ. ಅದಕ್ಕೆ ಹೆಸರು ಕೊಟ್ಟದ್ದು ಈ ಕೆಸರಿನ ಕೆಲಸವೇ.

ಚಿತ್ರದ ಹಿನ್ನೆಲೆ, ಅಂದರೆ ಅದರ ಜೊತೆಗಿಡುವ ಕಿರುಬರಹ, ಬರೆಯುವುದೆಂದರೆ ನೋಡುವವರನ್ನು ಹೀಗೆ ಎರಡನೆಯ ಬಾರಿ ಚಿತ್ರದ ಮುಂದೆ ಕೂರಿಸುವ ಕೆಲಸ. ಚಿತ್ರದಲ್ಲಿ ಈಗಾಗಲೇ ಕಾಣುತ್ತಿರುವುದನ್ನು ಮಾತಿನಲ್ಲಿ ಮತ್ತೆ ಹೇಳಿದರೆ ಆ ಕೆಲಸ ಆಗುವುದಿಲ್ಲ. ಚೌಕಟ್ಟಿನ ಆಚೆ ಏನಿತ್ತು, ಮುಂಚೆ ಏನಾಯಿತು, ಆಮೇಲೆ ಏನಾಯಿತು, ಚಿತ್ರ ಹೇಗೆ ಸಿಕ್ಕಿತು ಎಂಬುದನ್ನು ಹೇಳಿದರೆ ಆಗುತ್ತದೆ. ಕ್ಯಾಮೆರಾ ಹಿಡಿದು ಕಾಡಿಗೆ ಹೋಗುವವರಿಗೂ ಬಣ್ಣದ ಪೆಟ್ಟಿಗೆ ಹಿಡಿದು ಹೋಗುವವರಿಗೂ ಈ ಮಾತು ಒಂದೇ ರೀತಿ ಅನ್ವಯಿಸುತ್ತದೆ.

ಬರವಣಿಗೆ ಮನೆಗೆ ಬಂದ ಮೇಲೆ ಶುರುವಾಗುತ್ತದೆ ಎಂದುಕೊಂಡರೆ ಅರ್ಧ ಕಥೆ ಕಾಡಿನಲ್ಲೇ ಉಳಿದುಹೋಗುತ್ತದೆ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಮಾಡಬೇಕಾದ ಮೊದಲ ಕೆಲಸ ಕ್ಯಾಮೆರಾದ ಗಡಿಯಾರವನ್ನು ಸರಿಪಡಿಸುವುದು. ಕುದುರೆಮುಖಕ್ಕೆ ಮೊದಲ ಬಾರಿ ಚಾರಣ ಹೋದಾಗ ನನ್ನ ಹಳೆಯ ಕ್ಯಾಮೆರಾದ ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ತಾನಾಗಿಯೇ ಜನವರಿ 1ಕ್ಕೆ ಮರಳಿತ್ತು, ನಾನು ಗಮನಿಸಲಿಲ್ಲ. ತಿಂಗಳುಗಳ ನಂತರ, ಹುಲ್ಲುಗುಡ್ಡಗಳ ನಡುವಿನ ಶೋಲಾ ಕಾಡಿನಿಂದ ಮಂಜು ಏಳುತ್ತಿರುವ ಚಿತ್ರಕ್ಕೆ ನೆನಪಿನಿಂದ ಹಿನ್ನೆಲೆ ಬರೆದು, ಅದು ಮುಂಜಾನೆಯ ಮಂಜು ಎಂದು ನಂಬಿಕೆಯಿಂದಲೇ ಹೇಳಿದ್ದೆ. ಜೊತೆಗೆ ಬಂದಿದ್ದ ಗೆಳೆಯನ ಮೊಬೈಲಿನಲ್ಲಿದ್ದ ಅದೇ ದೃಶ್ಯದ ಮೇಲೆ ಮಧ್ಯಾಹ್ನ ಮೂರೂಕಾಲು ಎಂದಿತ್ತು. ನಾನು ಬರೆದ ಚಳಿ, ಮೊದಲ ಬಿಸಿಲು, ಹಕ್ಕಿಗಳ ಎಚ್ಚರ ಎಲ್ಲವೂ ಬೇರೆ ಯಾವುದೋ ದಿನದಿಂದ ಬಂದು ಸೇರಿಕೊಂಡಿದ್ದವು. ಅಂದಿನಿಂದ ಪ್ರತಿ ಚಾರಣದಲ್ಲಿ ನನ್ನ ಮೊದಲ ಚಿತ್ರ ಮೊಬೈಲಿನ ಗಡಿಯಾರದ್ದು. ಕ್ಯಾಮೆರಾದ ಸಮಯ ತಪ್ಪಿದ್ದರೂ ಆ ಒಂದು ಚಿತ್ರವನ್ನು ನೋಡಿ ಎಷ್ಟು ವ್ಯತ್ಯಾಸವಿದೆ ಎಂದು ಲೆಕ್ಕ ಹಾಕಿ ಉಳಿದವನ್ನೆಲ್ಲ ತಿದ್ದಿಕೊಳ್ಳಬಹುದು.

ಈ ಮರೆವು ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುವ ದೃಶ್ಯವನ್ನು ಸೆರೆಹಿಡಿದ ಚಿತ್ರ ಜಗತ್ತಿನಲ್ಲೇ ಹೆಸರಾದದ್ದು. ದಾರಿಬದಿಯಲ್ಲಿ ಕಾರು ನಿಲ್ಲಿಸಿ ಅವಸರದಲ್ಲಿ ಕ್ಯಾಮೆರಾ ಹೂಡಿದಾಗ ಬೆಳಕು ಅಳೆಯುವ ಮೀಟರು ಅವರ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂದು ನೆನಪಿನಲ್ಲಿದ್ದುದರಿಂದ ಅದನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು, ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಹಳ್ಳಿಯ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಜಾರಿತ್ತು. ಇಷ್ಟೆಲ್ಲ ವಿವರ ಅವರಿಗೆ ನೆನಪಿತ್ತು, ದಿನಾಂಕ ಮಾತ್ರ ನೆನಪಿರಲಿಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ಇಸವಿ ಹೇಳುತ್ತಿದ್ದರು. ಕೊನೆಗೆ ಚಿತ್ರದಲ್ಲಿನ ಚಂದ್ರನ ಸ್ಥಾನವನ್ನು ಖಗೋಳ ಗಣಿತದಿಂದ ಹಿಂದಕ್ಕೆ ಲೆಕ್ಕ ಹಾಕಬೇಕಾಯಿತು. ಮೊದಲು ಬಂದ ಉತ್ತರ 1941ರ ಅಕ್ಟೋಬರ್ 31 ಎಂದಿತ್ತು, ಅದನ್ನು ಮತ್ತೊಬ್ಬರು ಪರಿಶೀಲಿಸಿ 1941ರ ನವೆಂಬರ್ 1ರ ಸಂಜೆ ಎಂದು ತಿದ್ದಿದರು. ನಮ್ಮ ಚಿತ್ರಗಳಿಗೆ ಅಂಥ ಗಣಿತಜ್ಞರು ಸಿಗುವುದಿಲ್ಲವಾದ್ದರಿಂದ ದಿನಾಂಕವನ್ನು ಅಂದೇ ಬರೆದಿಡುವುದು ಕ್ಷೇಮ.

ಟಿಪ್ಪಣಿಗೆ ಅಂಗಿಯ ಜೇಬಿನಲ್ಲಿ ಹಿಡಿಸುವ ಚಿಕ್ಕ ಪುಸ್ತಕವೂ ಪೆನ್ಸಿಲೂ ಸಾಕು. ಮಲೆನಾಡಿನ ಮಳೆಯಲ್ಲಿ ಇಂಕಿನ ಬರಹ ಹರಡಿಹೋಗುತ್ತದೆ. ಪೆನ್ಸಿಲಿನದು ಒದ್ದೆ ಹಾಳೆಯ ಮೇಲೂ ಉಳಿಯುತ್ತದೆ. ಇವೆರಡನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಬೇಕು. ಏನು ಬರೆಯಬೇಕೆಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಕ್ಯಾಮೆರಾಕ್ಕೆ ದಕ್ಕದ್ದನ್ನು ಬರೆಯಿರಿ. ಹಳ್ಳದ ಸದ್ದು ಎಷ್ಟು ಜೋರಾಗಿತ್ತು, ಕೊಳೆತ ಎಲೆಯ ವಾಸನೆಯ ಜೊತೆ ಇನ್ನಾವ ವಾಸನೆ ಸೇರಿತ್ತು, ಕಾಲಿಗೆ ಎಷ್ಟು ಇಂಬಳ ಹತ್ತಿದ್ದವು, ಎಷ್ಟು ಹೊತ್ತು ಕಾದಿರಿ, ಕಾಯುವಾಗ ಬೇರೆ ಏನು ಬಂದು ಹೋಯಿತು ಎಂಬುದೆಲ್ಲ ಮೂರೇ ದಿನದಲ್ಲಿ ಮಾಸುವ ಸಂಗತಿಗಳು. ದಿನಾಂಕದ ಪಕ್ಕದಲ್ಲಿ ಮಳೆಯ ನಕ್ಷತ್ರವನ್ನೂ ಬರೆಯುವ ಅಭ್ಯಾಸ ನನಗಿದೆ. ಜುಲೈ ಎಂದು ಬರೆದದ್ದಕ್ಕಿಂತ ಪುನರ್ವಸು ಮಳೆ ಎಂದು ಬರೆದದ್ದು ನಮ್ಮ ಓದುಗರಿಗೆ ಅಂದಿನ ಹಳ್ಳದ ನೀರಿನ ಮಟ್ಟವನ್ನೇ ತೋರಿಸುತ್ತದೆ.

ಜೊತೆಗೆ ಬರುವ ಸ್ಥಳೀಯರ ಮಾತನ್ನು ಅವರು ಆಡಿದ ಹಾಗೆಯೇ ಬರೆದುಕೊಳ್ಳುವುದು ಇನ್ನೂ ಮುಖ್ಯ. ಕತ್ತಲೆಕಾನಿನಲ್ಲಿ ನಮ್ಮೊಡನೆ ಬಂದಿದ್ದ ಹಿರಿಯರು, ನಾನು ಕಾಮನಬಿಲ್ಲಿನಂತೆ ಬಾಗಿದ ಬೇರಿನ ಮೇಲೆ ಕಾಲಿಡಲು ಹೋದಾಗ, “ತಮಾ, ಅದರ ಮೇಲೆ ಕಾಲಿಡಬೇಡ, ಅದು ಮರದ ಮೂಗು” ಎಂದರು. ರಾಮಪತ್ರೆ ಜಾತಿಯ ಕೆಲವು ಮರಗಳು ಸದಾ ನೀರು ನಿಂತ ಜಡ್ಡಿಯಲ್ಲಿ ಬೆಳೆಯುತ್ತವೆ. ಆ ಕೆಸರಿನೊಳಗೆ ಬೇರಿಗೆ ಗಾಳಿ ಸಾಲದೆ ಅದು ಮಡಚಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡಿ ಮತ್ತೆ ಕೆಸರಿಗೆ ಇಳಿಯುತ್ತದೆ. ಈ ವಿವರಣೆಯನ್ನು ನಾನು ಮೊದಲೇ ಓದಿದ್ದೆ, ಆದರೂ ಬೇರಿನ ಚಿತ್ರದ ಜೊತೆ ಈಗ ಇರುವುದು ಅವರ ‘ಮರದ ಮೂಗು’ ಎಂಬ ಮಾತು. ಹೀಗೆ ಮತ್ತೊಬ್ಬರ ಮಾತನ್ನು ಬಳಸುವಾಗ ಅದು ಅವರದೆಂದು ಹೇಳಬೇಕು, ಹೆಸರು ಹಾಕುವ ಮುಂಚೆ ಅವರನ್ನು ಕೇಳಬೇಕು. ಗುಡ್ಡ, ಹಳ್ಳ, ಬ್ಯಾಣಗಳಿಗೂ ನಕಾಶೆಯಲ್ಲಿರುವ ಹೆಸರಿನ ಬದಲು ಅಲ್ಲಿಯವರು ಕರೆಯುವ ಹೆಸರನ್ನೇ ಹಾಕುವುದು ಲೇಸು.

ಚಿತ್ರ ಬರೆಯುವವರ ಕಷ್ಟ ಬೇರೆ ಬಗೆಯದು. ಮಳೆಗಾಲದ ಕಾಡಿನಲ್ಲಿ ಜಲವರ್ಣ ಒಣಗುವುದೇ ಇಲ್ಲ. ಒಂದು ಪದರ ಆರುವ ಮೊದಲೇ ಮರದಿಂದ ಹನಿ ಬಿದ್ದು ಎಲ್ಲ ಕಲಸಿಹೋಗುತ್ತದೆ. ಅಲ್ಲಿ ಪೆನ್ಸಿಲಿನಲ್ಲಿ ಆಕಾರ ಗುರುತಿಸಿಕೊಂಡು, ಬಣ್ಣವನ್ನು ಮಾತಿನಲ್ಲಿ ಬರೆದುಕೊಂಡು ಬರುವುದು ಸಾಧ್ಯವಾದ ದಾರಿ. ಹಸಿರು ಎಂದಷ್ಟೇ ಬರೆದರೆ ಮನೆಗೆ ಬಂದ ಮೇಲೆ ಅದು ಯಾವ ಹಸಿರೆಂದು ತಿಳಿಯುವುದಿಲ್ಲ. ಬಾಳೆಯ ಸುಳಿಯ ಹಸಿರು, ಹಳೆ ಹಂಚಿನ ಮೇಲಿನ ಪಾಚಿಯ ಹಸಿರು, ಹಣ್ಣಾಗುವ ಮುಂಚಿನ ಅಡಿಕೆಯ ಹಸಿರು ಎಂದು ಬರೆದುಕೊಂಡರೆ ಕುಂಚ ತಾನಾಗಿಯೇ ಸರಿಯಾದ ಬಟ್ಟಲಿಗೆ ಹೋಗುತ್ತದೆ, ಮುಂದೆ ಹಿನ್ನೆಲೆ ಬರೆಯುವಾಗಲೂ ಆ ಮಾತುಗಳೇ ಕೈಗೆ ಬರುತ್ತವೆ.

ಮನೆಯಲ್ಲಿ ಕುಳಿತು ಪೂರ್ಣ ಚಿತ್ರ ಬರೆಯುವಾಗ ಕಲಾವಿದರು ಒಂದು ಮರವನ್ನು ಈಚೆಗೆ ತರುತ್ತಾರೆ, ಎರಡು ದಿನದ ಮೋಡವನ್ನು ಒಂದೇ ಆಕಾಶದಲ್ಲಿ ಇಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. 1871ರಲ್ಲಿ ಅಮೆರಿಕದ ಭೂವಿಜ್ಞಾನಿ ಹೇಡನ್ ಮುಂದಾಳುತನದ ಸರ್ಕಾರಿ ಸಮೀಕ್ಷಾ ತಂಡದೊಡನೆ ಯೆಲ್ಲೋಸ್ಟೋನ್ ಕಣಿವೆಗೆ ಹೋದ ಚಿತ್ರಕಾರ ಥಾಮಸ್ ಮೊರಾನ್ ಸ್ಥಳದಲ್ಲಿ ಜಲವರ್ಣದ ರೇಖಾಚಿತ್ರಗಳನ್ನು ಮಾಡಿಕೊಂಡು, ಊರಿಗೆ ಮರಳಿದ ಮೇಲೆ ಹಲವು ಕೋನಗಳಿಂದ ಕಂಡದ್ದನ್ನು ಸೇರಿಸಿ ಒಂದು ಬೃಹತ್ ತೈಲಚಿತ್ರವನ್ನು ರಚಿಸಿದರು. ಅದೇ ತಂಡದಲ್ಲಿದ್ದ ವಿಲಿಯಂ ಹೆನ್ರಿ ಜಾಕ್ಸನ್ ಅವರ ಛಾಯಾಚಿತ್ರಗಳೂ ಮೊರಾನ್ ಅವರ ರೇಖಾಚಿತ್ರಗಳೂ ಅಮೆರಿಕದ ಸಂಸತ್ ಸದಸ್ಯರ ಕಣ್ಣಿಗೆ ಬಿದ್ದವು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು, ಅದೇ ವರ್ಷ ಆ ತೈಲಚಿತ್ರವನ್ನು ಸಂಸತ್ತು 10,000 ಡಾಲರಿಗೆ ಕೊಂಡಿತು. ಒಬ್ಬರು ಇದ್ದದ್ದನ್ನು ಇದ್ದಂತೆ ತೋರಿಸಿದರು, ಇನ್ನೊಬ್ಬರು ಅದರ ಅನುಭವವನ್ನು ಕಟ್ಟಿಕೊಟ್ಟರು. ನಿಮ್ಮ ಚಿತ್ರ ಎರಡನೆಯ ಬಗೆಯದಾದರೆ ಹಿನ್ನೆಲೆಯಲ್ಲಿ ಅದನ್ನು ಒಂದು ವಾಕ್ಯದಲ್ಲಿ ತಿಳಿಸಿಬಿಡಿ: ಜಲಪಾತ ಬೆಳಿಗ್ಗೆ ಕಂಡದ್ದು, ಮುಂದಿನ ಬಂಡೆ ಒಂದು ಮೈಲಿ ಕೆಳಗಿನದು ಎಂದು.

ಛಾಯಾಚಿತ್ರದ ವಿಷಯದಲ್ಲಿ ಈ ಪ್ರಾಮಾಣಿಕತೆ ಇನ್ನೂ ಕಟ್ಟುನಿಟ್ಟಾಗಿರಬೇಕು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಅತ್ಯುನ್ನತ ಪ್ರಶಸ್ತಿ ಪಡೆದ, ಗೇಟಿನ ಮೇಲಿಂದ ಜಿಗಿಯುವ ತೋಳದ ಚಿತ್ರವನ್ನು 2010ರಲ್ಲಿ ಅನರ್ಹಗೊಳಿಸಲಾಯಿತು. ಆ ತೋಳ ಪಳಗಿಸಿದ ಪ್ರಾಣಿಯಾಗಿರುವ ಸಂಭವವೇ ಹೆಚ್ಚೆಂದು ತೀರ್ಪುಗಾರರು ಕಂಡುಕೊಂಡಿದ್ದೇ ಕಾರಣ. ಸಫಾರಿ ಜೀಪಿನಿಂದ ತೆಗೆದದ್ದನ್ನು ಕಾಲ್ನಡಿಗೆಯಲ್ಲಿ ಕಂಡಂತೆ ಬರೆಯುವುದು, ಮೃಗಾಲಯದ ಚಿರತೆಯ ಬೇಲಿಯನ್ನು ಅಳಿಸಿ ಬಂಡೀಪುರದ ಹೆಸರು ಹಾಕುವುದು, ಹೊತ್ತುಗಟ್ಟಲೆ ಕಾದೆನೆಂದು ಐದು ನಿಮಿಷವನ್ನು ಹಿಗ್ಗಿಸುವುದು ಇದೇ ಜಾತಿಗೆ ಸೇರಿದ ದೋಷಗಳು. ಅದೃಷ್ಟದಿಂದ ಸಿಕ್ಕಿದ್ದರೆ ಅದೃಷ್ಟವೆಂದೇ ಬರೆಯಿರಿ. ಓದುಗರು ಅದನ್ನು ಇಷ್ಟಪಟ್ಟೇ ಓದುತ್ತಾರೆ. ಗೂಡಿನ ಮುಂದಿನ ಕೊಂಬೆಯನ್ನು ಕತ್ತರಿಸಿ ಅಥವಾ ಕಪ್ಪೆಯನ್ನು ಎತ್ತಿ ಬೇರೆ ಎಲೆಯ ಮೇಲೆ ಕೂರಿಸಿ ತೆಗೆದ ಚಿತ್ರಕ್ಕೆ ಹೇಳಿಕೊಳ್ಳಬಹುದಾದ ಹಿನ್ನೆಲೆಯೇ ಇರುವುದಿಲ್ಲ, ಆದ್ದರಿಂದ ಅಂಥದನ್ನು ತೆಗೆಯದಿರುವುದೇ ಸರಿ.

ಬರೆಯಲು ಕುಳಿತಾಗ ಮೊದಲ ವಾಕ್ಯದಲ್ಲೇ ಹೆಚ್ಚಿನವರು ಎಡವುತ್ತಾರೆ. “ಪ್ರಕೃತಿಯ ಮಡಿಲಲ್ಲಿ ಒಂದು ಅದ್ಭುತ ಕ್ಷಣ” ಎಂಬ ಮಾತು ಯಾವ ಚಿತ್ರಕ್ಕಾದರೂ ಹೊಂದುತ್ತದೆ, ಹಾಗಾಗಿ ಯಾವುದಕ್ಕೂ ಸೇರುವುದಿಲ್ಲ. ನನ್ನ ಕೆಸರಿನ ಕಡ್ಡಿಗೆ ನಾನು ಬರೆದ ಹಿನ್ನೆಲೆ ಹೀಗಿದೆ: “ಈ ಕೆಸರಿನ ಕೆಳಗೆ ಕುಂಬಾರ ಕಪ್ಪೆಯ ಮೊಟ್ಟೆಗಳಿವೆ. ಅಪ್ಪ ಕಪ್ಪೆ ನಾವು ಬರುವ ಮುಂಚೆಯೇ ಕೆಲಸ ಮುಗಿಸಿತ್ತು. ಹಳ್ಳದ ಸದ್ದಿನ ನಡುವೆ ಅದರ ಕೂಗನ್ನು ಮಾತ್ರ ಕೇಳಿದೆವು. ಟಾರ್ಚನ್ನು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಪುನರ್ವಸು ಮಳೆ ಸುರಿಯುತ್ತಿತ್ತು, ಹಿಂದಿರುಗುವಾಗ ನನ್ನ ಬಲಗಾಲಿನಲ್ಲಿ ಹನ್ನೊಂದು ಇಂಬಳಗಳಿದ್ದವು.” ಮೊದಲ ವಾಕ್ಯ ಚಿತ್ರದಲ್ಲಿ ಕಾಣದ್ದನ್ನು ಕೊಡುತ್ತದೆ, ಎರಡನೆಯದೂ ಮೂರನೆಯದೂ ನನಗೆ ಕಾಣದೆ ಹೋದದ್ದನ್ನು ಒಪ್ಪಿಕೊಳ್ಳುತ್ತವೆ, ನಾಲ್ಕನೆಯದು ಚಿತ್ರ ತೆಗೆದ ಕ್ರಮವನ್ನು ತಿಳಿಸುತ್ತದೆ. ಕ್ಯಾಮೆರಾದ ಶಟರ್ ವೇಗ, ಲೆನ್ಸಿನ ಅಳತೆ ಮುಂತಾದವು ಕೊನೆಗೆ ಬೇರೆ ಸಾಲಿನಲ್ಲಿ ಬಂದರೆ ಸಾಕು; ಆ ಸಂಖ್ಯೆಗಳಿಗೇ ಒಂದು ಕಥೆಯಿದ್ದರೆ ಮಾತ್ರ ಒಳಗೆ ತರಬಹುದು. ಐದಾರು ವಾಕ್ಯ ದಾಟಿದರೆ ಓದುಗರ ಕಣ್ಣು ಚಿತ್ರವನ್ನು ಮರೆತು ಬರಹದಲ್ಲೇ ಉಳಿಯುತ್ತದೆ ಎಂಬುದು ನನ್ನ ಅನುಭವ.

ಜಾಗದ ಹೆಸರನ್ನು ಎಷ್ಟು ಹೇಳಬೇಕೆಂಬುದನ್ನು ಪ್ರತಿ ಬಾರಿಯೂ ಯೋಚಿಸಬೇಕು. ಜಿಲ್ಲೆ, ಕಾಡಿನ ಹೆಸರು, ಋತು ಇವಿಷ್ಟು ಹೇಳಿದರೆ ಕಥೆಗೆ ನೆಲ ಸಿಗುತ್ತದೆ. ಹಕ್ಕಿಯ ಗೂಡು, ಕಾಡುಪಾಪ, ಅಪರೂಪದ ಸೀತಾಳೆ ದಂಡೆ ಎಂಬ ಆರ್ಕಿಡ್, ಹಾವು ಇವುಗಳ ನಿಖರ ಜಾಗ ತಿಳಿದರೆ ಮರುವಾರವೇ ಅಲ್ಲಿಗೆ ಜನ ಮುತ್ತುತ್ತಾರೆ, ಅವರ ಹಿಂದೆ ಕಳ್ಳಬೇಟೆಯವರೂ ಬರಬಹುದು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೇ ಅಕ್ಷಾಂಶ ರೇಖಾಂಶ ಅಡಗಿ ಕುಳಿತಿರುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ. ಕಾಡಿಗೆ ಹೋಗುವ ಮುಂಚೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಗುಂಡಿಯನ್ನು ಆರಿಸಿಡುವುದು ಒಳ್ಳೆಯದು. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದದ್ದಾದರೆ ಅದನ್ನೂ ಹಿನ್ನೆಲೆಯಲ್ಲಿ ಹೇಳಿ, ಏಕೆಂದರೆ ಓದಿ ಹುರುಪುಗೊಂಡ ಎಳೆಯರು ರಾತ್ರಿ ಹೊತ್ತು ನೇರವಾಗಿ ಕಾಡಿಗೆ ನುಗ್ಗಬಾರದು.

ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿದಾಗ ಹಿನ್ನೆಲೆಯ ಒಂದು ಪ್ರತಿ ಅದರ ಜೊತೆಗೇ ಇರಬೇಕು. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದರೆ ಒತ್ತು ಮುಂಬದಿಗೆ ಮೂಡುತ್ತದೆ, ಸ್ಟುಡಿಯೋಗಳು ಕೊಡುವ ನುಣುಪಾದ ಕಾಗದಕ್ಕೆ ಪೆನ್ಸಿಲ್ ಹತ್ತುವುದಿಲ್ಲ. ಬೇರೆ ತೆಳು ಹಾಳೆಯಲ್ಲಿ ದಿನಾಂಕ, ಜಾಗ, ಜೊತೆಗಿದ್ದವರು ಮತ್ತು ಆ ಐದಾರು ವಾಕ್ಯಗಳನ್ನು ಬರೆದು, ಚಿತ್ರವಿರುವ ಲಕೋಟೆಯೊಳಗೆ ಅದರ ಬೆನ್ನಿಗೆ ಮಡಚದೆ ಇಟ್ಟರೆ ಆಯಿತು.