ಬಾಲ್ ಬಿಡಿ, ಅವನ ಹಿಮ್ಮಡಿ ನೋಡಿ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಲೇಲೆ ಮೈದಾನಕ್ಕೆ ಭಾನುವಾರ ಬೆಳಿಗ್ಗೆ ಹೋದರೆ ಫುಟ್‌ಬಾಲ್‌ನ ಒಂದು ಆಟ ತಪ್ಪದೆ ನೋಡಲು ಸಿಗುತ್ತದೆ. ಹನ್ನೆರಡು ಹದಿಮೂರು ವರ್ಷದ ಹುಡುಗ. ಮೊಬೈಲ್ ನೋಡಿ ಸ್ಟೆಪ್ ಓವರ್ ಕಲಿತು ಬಂದಿರುತ್ತಾನೆ. ಬಾಲ್ ಮೇಲೆ ಕಾಲು ಸುತ್ತಿಸುತ್ತಾನೆ, ಒಂದು ಸಲ, ಎರಡು ಸಲ, ಮೂರು ಸಲ. ಅವನನ್ನು ತಡೆಯಬೇಕಾದ ಎದುರಿನ ಡಿಫೆಂಡರ್ ಸುಮ್ನೆ ನಿಂತು ನೋಡುತ್ತಿರುತ್ತಾನೆ. ನಾಲ್ಕನೇ ಸುತ್ತಿಗೆ ಕಾಲು ಚಾಚಿ ಬಾಲ್ ಎಳೆದುಕೊಂಡು ಹೋಗೇಬಿಡುತ್ತಾನೆ.

ನನಗೆ ನಗು ಬರುವುದಿಲ್ಲ, ಯಾಕಂದರೆ ಹದಿನೇಳನೇ ವಯಸ್ಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಅದೂ ಒಂದು ಸೆಮಿಫೈನಲ್‌ನಲ್ಲಿ, ಅದೂ ನಮ್ಮದೇ ಗೋಲ್ ಹತ್ತಿರ. ಬಾಲ್ ಹೋಯಿತು, ಗೋಲ್ ಆಯಿತು, ನಾವು ಸೋತೆವು. ಕೋಚ್ ಬೈಯಲಿಲ್ಲ. "ನೀ ಕುಣದಿ, ಅವ ಬಾಲ್ ಒಯ್ದ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಡಿಫೆಂಡರ್‌ನನ್ನು ದಾಟಲು ಹತ್ತು ತರಹದ ಡಾಡ್ಜ್, ಅಂದರೆ ಅವನಿಗೆ ಮೋಸ ಮಾಡುವ ಪಟ್ಟು, ಬೇಕಿಲ್ಲ. ಒಂದು ಸಾಕು. ಆದರೆ ಅದನ್ನು ಯಾವಾಗ ಹೊಡೆಯಬೇಕು ಅನ್ನುವುದು ಗೊತ್ತಿರಬೇಕು. ಆ 'ಯಾವಾಗ' ಕಲಿಯುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಬಾಲ್, ಬೂಟು

ದೊಡ್ಡವರ ಬಾಲ್ ಐದನೇ ಸೈಜಿನದು. ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ನಾಲ್ಕನೇ ಸೈಜ್ ಕೊಡಿ. "ಮುಂದಕ್ಕೂ ಬರ್ತದ" ಅಂತ ದೊಡ್ಡದನ್ನು ಕೊಡಿಸುವ ಅಪ್ಪಂದಿರು ಜಾಸ್ತಿ. ಅದು ಯೂನಿಫಾರ್ಮ್ ಹೊಲಿಸುವಾಗ ಸರಿ, ಬಾಲ್ ವಿಷಯದಲ್ಲಿ ಬೇಡ. ಸಣ್ಣ ಕಾಲಿಗೆ ದೊಡ್ಡ ಬಾಲ್ ಸಿಕ್ಕರೆ ಹುಡುಗ ಅದನ್ನು ತಳ್ಳುವುದನ್ನು ಕಲಿಯುತ್ತಾನೆ, ಕಾಲಿಗೆ ಅಂಟಿಸಿಕೊಂಡು ಓಡುವುದನ್ನು ಕಲಿಯುವುದಿಲ್ಲ.

ಗಾಳಿ ಎಷ್ಟಿರಬೇಕು? ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು, ಒಳಗೆ ಕೂರಬಾರದು. ನೆಲ ಗಟ್ಟಿ ಇದ್ದಾಗ, ಅಂದರೆ ನಮ್ಮಲ್ಲಿ ಮಾರ್ಚ್‌ನಿಂದ ಮೇ ತನಕ, ಕೊಂಚ ಗಾಳಿ ಕಡಿಮೆ ಇದ್ದರೂ ನಡೆಯುತ್ತದೆ. ಬೂಟಿನ ಅಡಿಯ ಉದ್ದ ಸ್ಟಡ್ಸ್, ಅಂದರೆ ನೆಲ ಹಿಡಿಯುವ ಗುಬುಟುಗಳು, ಹುಲ್ಲಿಗೆ, ಕೆಸರಿಗೆ. ಒಣ ಮೈದಾನದಲ್ಲಿ ಅವು ಕಾಲು ಉಳುಕಿಸುತ್ತವೆ. ಶುರುವಿಗೆ ಸಾದಾ ಕ್ಯಾನ್ವಾಸ್ ಬೂಟು ಸಾಕು.

ಹತ್ತು ನಿಮಿಷ, ದಿನಾ

ಮನೆ ಮುಂದೆ ನಾಲ್ಕು ಚಪ್ಪಲಿಗಳನ್ನು ಒಂದೊಂದು ಮೀಟರ್ ಬಿಟ್ಟು ಸಾಲಾಗಿ ಇಡಿ. ಅವುಗಳ ನಡುವೆ ಬಾಲ್ ತೆಗೆದುಕೊಂಡು ಹಾವಿನ ಹಾಗೆ ಹೋಗಿ, ತಿರುಗಿ ಬನ್ನಿ. ಮೊದಲು ಪಾದದ ಒಳಬದಿಯಿಂದ. ಆಮೇಲೆ ಹೊರಬದಿಯಿಂದ, ಕಿರುಬೆರಳ ಕಡೆಯಿಂದ. ಆಮೇಲೆ ಅಂಗಾಲಿನಿಂದ ಹಿಂದಕ್ಕೆ ಎಳೆಯುತ್ತಾ. ಬಲಗಾಲಿಗೆ ಐದು ನಿಮಿಷ ಕೊಟ್ಟರೆ ಎಡಗಾಲಿಗೂ ಐದು ನಿಮಿಷ. ಎಡಗಾಲು ಮೊದಲ ವಾರ ಸಾಲದವನ ಹಾಗೆ ತಪ್ಪಿಸಿಕೊಂಡು ತಿರುಗುತ್ತದೆ. ಬಿಡಬೇಡಿ.

ಓಡುವಾಗ ಬಾಲನ್ನು ಪಾದದ ಹೊರಬದಿಯಿಂದ, ಲೇಸ್ ಕಟ್ಟುವ ಜಾಗದಿಂದ ಮುಟ್ಟಿ. ಬೆರಳುಗಳು ನೆಲದ ಕಡೆ ಬಾಗಿರಲಿ. ಒಳಬದಿಯಿಂದ ಮುಟ್ಟುತ್ತಾ ಓಡಿದರೆ ಬಾತುಕೋಳಿ ನಡಿಗೆ ಬರುತ್ತದೆ, ವೇಗ ಬರುವುದಿಲ್ಲ. ಡಿಫೆಂಡರ್ ದೂರ ಇದ್ದಾಗ ಬಾಲನ್ನು ಮುಂದೆ ತಳ್ಳಿ ಓಡಬಹುದು. ಹತ್ತಿರ ಬಂದ ಹಾಗೆ ಒಂದೊಂದು ಹೆಜ್ಜೆಗೂ ಒಂದು ಮುಟ್ಟು.

ತಲೆ ಎತ್ತುವ ಅಭ್ಯಾಸ ಇಲ್ಲೇ ಆಗಬೇಕು. ತಮ್ಮನನ್ನೋ ತಂಗಿಯನ್ನೋ ಎದುರಿಗೆ ನಿಲ್ಲಿಸಿ. ನೀವು ಬಾಲ್ ಹೊಡೆಯುತ್ತಾ ಬರುವಾಗ ಅವರು ಬೆರಳು ಎತ್ತಿ ತೋರಿಸಲಿ, ಎಷ್ಟು ಅಂತ ನೀವು ಕೂಗಿ ಹೇಳಿ. ಮೊದಲ ದಿನ ಬಾಲ್ ಗಟಾರಿಗೆ ಹೋಗುತ್ತದೆ. ಹೋಗಲಿ.

ಎದುರಿನವನು ಹೇಗೆ ನಿಂತಿದ್ದಾನೆ?

ಗಣೇಶ ಹಬ್ಬದ ಹಿಂದಿನ ದಿನ ನಮ್ಮ ಪೇಟೆಯ ಗಣಪತ ಗಲ್ಲಿಯ ಗದ್ದಲದಲ್ಲಿ ನಡೆದವರಿಗೆ ಇದು ಬೇಗ ತಿಳಿಯುತ್ತದೆ. ಎದುರಿನಿಂದ ಒಬ್ಬರು ಬರುತ್ತಾರೆ. ನೀವು ಬಲಕ್ಕೆ ಸರಿದರೆ ಅವರೂ ಅದೇ ಕಡೆ ಸರಿಯುತ್ತಾರೆ. ನೀವು ಈ ಕಡೆ ಬಂದರೆ ಅವರೂ ಬರುತ್ತಾರೆ. ಇಬ್ಬರೂ ನಗುತ್ತೀರಿ. ಕೊನೆಗೆ ಒಬ್ಬರ ಮೈಭಾರ ಒಂದು ಕಡೆ ಪೂರ್ತಿ ವಾಲಿದ ಮೇಲೆ ಇನ್ನೊಬ್ಬರು ಪಕ್ಕದಿಂದ ದಾಟುತ್ತಾರೆ. ಡ್ರಿಬ್ಲಿಂಗ್, ಅಂದರೆ ಬಾಲ್ ಕಾಲಲ್ಲೇ ಇಟ್ಟುಕೊಂಡು ಎದುರಿನವನನ್ನು ದಾಟುವುದು, ಇದೇ. ಗಲ್ಲಿಯಲ್ಲಿ ತಾನಾಗಿ ಆಗಿದ್ದನ್ನು ಮೈದಾನದಲ್ಲಿ ಬೇಕಂತಲೇ ಮಾಡಬೇಕು.

ಒಳ್ಳೆಯ ಡಿಫೆಂಡರ್ ನಿಮಗೆ ನೇರ ಎದೆ ಕೊಟ್ಟು ನಿಲ್ಲುವುದಿಲ್ಲ. ಓರೆಯಾಗಿ ನಿಲ್ಲುತ್ತಾನೆ. ಒಂದು ಕಾಲು ಮುಂದೆ, ಒಂದು ಹಿಂದೆ, ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಮುಂದಿರುವ ಕಾಲು ಯಾವುದು ನೋಡಿ. ಆ ಕಾಲಿನ ಬದಿಯಿಂದ ಹೋಗಿ. ಅವನ ಎಡಗಾಲು ಮುಂದಿದ್ದರೆ ಅವನ ಎಡಬದಿ, ಅಂದರೆ ನಿಮ್ಮ ಬಲಕ್ಕೆ. ಯಾಕೆ? ಹಿಂದಿನ ಕಾಲಿನ ಕಡೆ ಹೋದರೆ ಅವನು ಆಗಲೇ ಆ ಕಡೆ ಮುಖ ಮಾಡಿದ್ದಾನೆ, ನಿಮ್ಮ ಜೊತೆಗೇ ಓಡುತ್ತಾನೆ. ಮುಂದಿನ ಕಾಲಿನ ಕಡೆ ಹೋದರೆ ಅವನು ಸೊಂಟ ಪೂರ್ತಿ ತಿರುಗಿಸಬೇಕು. ಅವನು ತಿರುಗುವಷ್ಟರಲ್ಲಿ ನೀವು ಒಂದೆರಡು ಹೆಜ್ಜೆ ಮುಂದಿರುತ್ತೀರಿ.

ಈಗ ಹಿಮ್ಮಡಿ. ಮನುಷ್ಯನ ಭಾರ ಒಂದು ಕಾಲಿಗೆ ಹೋದಾಗ ಇನ್ನೊಂದು ಕಾಲಿನ ಹಿಮ್ಮಡಿ ನೆಲದಿಂದ ಎದ್ದುಬಿಡುತ್ತದೆ. ಒಂದೆರಡು ಬೆರಳಿನಷ್ಟು, ಅಷ್ಟೇ. ಕೆಂಪು ಮಣ್ಣಿನ ಮೈದಾನದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಊರಿದ ಕಾಲಿನ ಸುತ್ತ ಧೂಳು ಏಳುತ್ತದೆ, ಎತ್ತಿದ ಹಿಮ್ಮಡಿಯ ಕೆಳಗೆ ನೆರಳು ಕಾಣುತ್ತದೆ. ಯಾವ ಹಿಮ್ಮಡಿ ಎದ್ದಿತೋ ಆ ಬದಿಗೆ ಹೋಗಿ. ಅವನು ಇನ್ನೊಂದು ಕಡೆ ವಾಲಿರುತ್ತಾನೆ, ಮೊದಲು ಬ್ರೇಕ್ ಹಾಕಬೇಕು, ಆಮೇಲೆ ತಿರುಗಬೇಕು.

ಕಬಡ್ಡಿ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರೈಡರ್ ಕಾಲು ಚಾಚಿ ಹೆದರಿಸುವುದೇ ಎದುರಿನವನು ಭಾರ ಬದಲಿಸಲಿ ಅಂತ. ನಮ್ಮ ಹಳ್ಳಿ ಕಡೆಯಿಂದ ಬಂದ ಹುಡುಗರು ಫುಟ್‌ಬಾಲ್ ತಡವಾಗಿ ಶುರು ಮಾಡಿದರೂ ಡಾಡ್ಜ್ ಬೇಗ ಹಿಡಿಯುತ್ತಾರೆ. ಕಾರಣ ಇದೇ ಇರಬೇಕು ಅಂತ ನನ್ನ ಲೆಕ್ಕ.

ಒಂದೇ ಡಾಡ್ಜ್

ಬಾಡಿ ಫೇಂಟ್. ಭುಜ ಇಳಿಸಿ ಮೋಸ ಮಾಡುವುದು. ಬಲಕ್ಕೆ ಹೋಗಬೇಕು ಅಂದುಕೊಳ್ಳಿ.

ನಿಧಾನವಾಗಿ ಬನ್ನಿ. ಜೋರಾಗಿ ಬಂದರೆ ಆಮೇಲೆ ಹೆಚ್ಚಿಸಲು ವೇಗವೇ ಉಳಿಯುವುದಿಲ್ಲ. ಅವನಿಂದ ಒಂದೂವರೆ ಎರಡು ಮೀಟರ್ ದೂರದಲ್ಲಿ ಎಡಗಾಲನ್ನು ಎಡಕ್ಕೆ ಅಗಲವಾಗಿ ಊರಿ. ಎಡ ಭುಜ ಇಳಿಸಿ. ತಲೆ, ಕಣ್ಣು ಎಲ್ಲ ಎಡಕ್ಕೆ ಹೋಗಲಿ. ಬಾಲ್ ಮಾತ್ರ ಬಲಗಾಲಿನ ಹತ್ತಿರವೇ ಇರಲಿ. ಅವನು ವಾಲಿದ ಕ್ಷಣ ಎಡಗಾಲಿನಿಂದ ನೆಲ ಒದ್ದು, ಬಲಗಾಲಿನ ಹೊರಬದಿಯಿಂದ ಬಾಲನ್ನು ಬಲಕ್ಕೆ, ಮುಂದಕ್ಕೆ ತಳ್ಳಿ. ಎರಡು ಮೂರು ಮೀಟರ್ ಹೋಗಲಿ. ಈಗ ಓಡಿ, ಇರುವಷ್ಟೂ ಕಸುವು ಹಾಕಿ.

ದೂರದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಹತ್ತರಲ್ಲಿ ಎಂಟು ಹುಡುಗರು ತಪ್ಪುವುದು ಇಲ್ಲೇ. ತೀರಾ ಹತ್ತಿರ ಹೋಗಿ ಮಾಡಿದರೆ ಅವನು ನಿಂತಲ್ಲಿಂದಲೇ ಕಾಲು ಚಾಚುತ್ತಾನೆ. ತೀರಾ ದೂರದಿಂದ ಮಾಡಿದರೆ ಅವನು ಮೋಸ ಹೋದರೂ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಅವನು ಉದ್ದಕ್ಕೆ ಕಾಲು ಚಾಚಿದರೆ ಎಲ್ಲಿಗೆ ಮುಟ್ಟುತ್ತದೋ, ಅದಕ್ಕಿಂತ ಒಂದು ಗೇಣು ಆಚೆ. ಗೆಳೆಯನನ್ನು ನಿಲ್ಲಿಸಿ, ಕಾಲು ಚಾಚಲು ಹೇಳಿ, ಅಲ್ಲೊಂದು ಗೆರೆ ಎಳೆಯಿರಿ. ಆ ಗೆರೆ ಕಣ್ಣಿಗೆ ರೂಢಿಯಾಗಬೇಕು.

ಅವನು ವಾಲಲೇ ಇಲ್ಲ ಅಂದರೆ? ಆಗ ಎಡಕ್ಕೇ ಹೋಗಿಬಿಡಿ. ನೀವು ಆಗಲೇ ಆ ಕಡೆ ವಾಲಿದ್ದೀರಲ್ಲ.

ಎಲ್ಲರಿಗೂ ಗೊತ್ತಿರುವ ಡಾಡ್ಜ್ ಯಾರು ನಂಬುತ್ತಾರೆ ಅಂತ ಹುಡುಗರು ಕೇಳುತ್ತಾರೆ. ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಬದುಕಿಡೀ ಹೆಚ್ಚುಕಡಿಮೆ ಇದನ್ನೇ ಮಾಡಿದ. ಒಳಕ್ಕೆ ವಾಲಿ ಹೊರಕ್ಕೆ ಹೋಗುವುದು. 1953ರ ಎಫ್‌ಎ ಕಪ್, ಅಂದರೆ ಇಂಗ್ಲೆಂಡಿನ ಕ್ಲಬ್‌ಗಳ ಪಂದ್ಯಾವಳಿ, ಅದರ ಫೈನಲ್‌ನಲ್ಲಿ ಅವನಿಗೆ 38 ವರ್ಷ. ಬ್ಲ್ಯಾಕ್‌ಪೂಲ್ ತಂಡ 3–1ರಿಂದ ಹಿಂದಿತ್ತು. ಅವನು ಬಲ ಅಂಚಿನಿಂದ ಮತ್ತೆ ಮತ್ತೆ ನುಗ್ಗಿದ, ತಂಡ 4–3ರಿಂದ ಗೆದ್ದಿತು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಮೊದಲ ಸಲ, 1956ರಲ್ಲಿ, ಸಿಕ್ಕಿದ್ದೂ ಅವನಿಗೇ. ಬ್ರೆಜಿಲ್‌ನ ಗ್ಯಾರಿಂಚಾ ಇನ್ನೊಬ್ಬ. ಎರಡೂ ಕಾಲು ಸೊಟ್ಟ. ಬಲಕ್ಕೇ ಹೋಗುತ್ತಾನೆ ಅಂತ ಇಡೀ ಜಗತ್ತಿಗೆ ಗೊತ್ತಿತ್ತು. ಆದರೂ 1958, 1962, ಎರಡೂ ವಿಶ್ವಕಪ್‌ಗಳಲ್ಲಿ ಅವನನ್ನು ಹಿಡಿಯಲು ಆಗಲಿಲ್ಲ. ಯಾವ ಕಡೆ ಹೋಗುತ್ತಾನೆ ಅನ್ನುವುದು ಗೊತ್ತಿದ್ದರೂ ಯಾವಾಗ ಹೋಗುತ್ತಾನೆ ಅನ್ನುವುದು ಗೊತ್ತಿರುತ್ತಿರಲಿಲ್ಲ.

ಕಲಿಯುವ ಕ್ರಮ

ಮೊದಲ ವಾರ ನಡೆಯುತ್ತಾ ಮಾಡಿ. ಎದುರಿಗೆ ಡಿಫೆಂಡರ್ ಬದಲು ನೀರಿನ ಬಾಟಲಿ. ದಿನಕ್ಕೆ ಮೂವತ್ತು ಸಲ. ಬೇಜಾರಾಗುತ್ತದೆ, ನಿಜ.

ಎರಡನೇ ವಾರ ಬಾಟಲಿ ಜಾಗದಲ್ಲಿ ಗೆಳೆಯ. ಅವನು ಬಾಲ್ ಕಸಿಯಬಾರದು. ನಿಮ್ಮ ಭುಜ ನೋಡಿ ನಿಜವಾಗಿ ಮೋಸ ಹೋಗುತ್ತಿದ್ದೇನಾ ಅಂತ ಹೇಳಬೇಕು. "ಏನೂ ಅನಿಸಲಿಲ್ಲಪ್ಪ" ಅಂದರೆ ನೀವು ನಾಚಿಕೆಯಿಂದ ಮಾಡುತ್ತಿದ್ದೀರಿ ಅಂತ ಅರ್ಥ. ಬಯಲಾಟದವರ ಹಾಗೆ ದೊಡ್ಡದಾಗಿ ಮಾಡಿ. ನಮ್ಮ ಹುಡುಗರು ಭುಜವನ್ನು ಎರಡು ಇಂಚು ಇಳಿಸಿ, ಬಹಳ ಇಳಿಸಿದೆವು ಅಂದುಕೊಳ್ಳುತ್ತಾರೆ.

ಮೂರನೇ ವಾರದಿಂದ ನಿಜವಾದ ಪೈಪೋಟಿ. ಹತ್ತು ಹೆಜ್ಜೆ ಅಗಲ, ಹದಿನೈದು ಹೆಜ್ಜೆ ಉದ್ದದ ಅಂಕಣ ಹಾಕಿ. ಒಬ್ಬನಿಗೆ ಒಬ್ಬ. ಆ ಕಡೆಯ ಗೆರೆ ದಾಟಿದರೆ ಒಂದು ಪಾಯಿಂಟ್. ಐದು ಸಲ ಆದ ಮೇಲೆ ಜಾಗ ಬದಲಿಸಿ. ಡಿಫೆಂಡರ್ ಆಗಿ ನಿಲ್ಲುವುದನ್ನು ತಪ್ಪಿಸಬೇಡಿ, ಮೋಸ ಹೋದಾಗ ನಿಮ್ಮ ಕಾಲಿಗೆ ಏನಾಗುತ್ತದೆ ಅನ್ನುವುದು ಅಲ್ಲಿ ನಿಂತಾಗಲೇ ಗೊತ್ತಾಗುವುದು.

ಇನ್ನೊಂದು ಬೇಕೇ ಬೇಕು ಅಂದರೆ

ಅಂಚಿನ ಗೆರೆ ಹತ್ತಿರ ಸಿಕ್ಕಿಬಿದ್ದು, ಮುಂದೆ ದಾರಿ ಇಲ್ಲದಾಗ ಕ್ರೈಫ್ ಟರ್ನ್ ಇಟ್ಟುಕೊಳ್ಳಿ. ಡಚ್ ಆಟಗಾರ ಯೋಹಾನ್ ಕ್ರೈಫ್ 1974ರ ವಿಶ್ವಕಪ್‌ನಲ್ಲಿ ಸ್ವೀಡನ್ ವಿರುದ್ಧ ಇದನ್ನು ಮಾಡಿದ, ಅಲ್ಲಿಂದ ಅವನ ಹೆಸರೇ ಅಂಟಿಕೊಂಡಿತು. ಜೋರಾಗಿ ಪಾಸ್ ಹೊಡೆಯುವವನ ಹಾಗೆ ಕಾಲು ಹಿಂದೆ ಎತ್ತಿ. ಹೊಡೆಯಬೇಡಿ. ಪಾದವನ್ನು ಬಾಲಿನ ಮುಂದಕ್ಕೆ ತಂದು, ಒಳಬದಿಯಿಂದ ಅದನ್ನು ಊರಿದ ಕಾಲಿನ ಹಿಂದಕ್ಕೆ ಎಳೆದು, ಮೈ ತಿರುಗಿಸಿ ಬಂದ ದಾರಿಗೇ ಹೋಗಿ. ಊರಿದ ಕಾಲು ಬಾಲಿಗಿಂತ ಸ್ವಲ್ಪ ಮುಂದೆ ಇರಬೇಕು, ಇಲ್ಲದಿದ್ದರೆ ಬಾಲ್ ನಿಮ್ಮ ಹಿಮ್ಮಡಿಗೇ ಬಡಿಯುತ್ತದೆ. ಆ ಪಂದ್ಯ 0–0ರಲ್ಲಿ ಮುಗಿಯಿತು ಅನ್ನುವುದನ್ನೂ ಹುಡುಗರಿಗೆ ನೆನಪಿಸುತ್ತಿರುತ್ತೇನೆ.

ಮಳೆಗಾಲದಲ್ಲಿ

ಜೂನ್ ಬಂದರೆ ನಮ್ಮ ಮೈದಾನಗಳ ಜಾತಕವೇ ಬದಲಾಗುತ್ತದೆ. ಜಿಟಿಜಿಟಿ ಮಳೆಯಲ್ಲಿ ಹುಲ್ಲಿನ ಮೇಲೆ ಬಾಲ್ ಜಾರುತ್ತದೆ, ನೀರು ನಿಂತ ಕಡೆ ಗಪ್ಪನೆ ನಿಲ್ಲುತ್ತದೆ. ಭುಜ ಇಳಿಸುವಾಗ ಕಾಲನ್ನು ಅಷ್ಟು ಅಗಲ ಊರಬೇಡಿ, ಜಾರಿ ಬೀಳುತ್ತೀರಿ. ಆದರೆ ಡಿಫೆಂಡರ್ ಪಾಡು ನಿಮಗಿಂತ ಕಷ್ಟ. ಅವನಿಗೆ ಹಿಂದಕ್ಕೆ ತಿರುಗಬೇಕು, ಅದೂ ನಿಮ್ಮನ್ನು ನೋಡಿದ ಮೇಲೆ. ಹಾಗಾಗಿ ಡ್ರಿಬ್ಲಿಂಗ್ ಮಾಡುವವರಿಗೆ ಮಳೆಗಾಲ ಸುಗ್ಗಿ.

ನಿಮ್ಮ ಗೋಲಿನ ಹತ್ತಿರ ಮಾತ್ರ ಮಳೆಯಲ್ಲೂ ಬೇಡ, ಬಿಸಿಲಲ್ಲೂ ಬೇಡ. ಸೆಮಿಫೈನಲ್ ಕತೆ ಆಗಲೇ ಹೇಳಿದ್ದೇನೆ.

ದಾಟಿದ ಮೇಲೆ

ಬಾಲ್ ಮುಂದೆ ತಳ್ಳಿ ಅವನನ್ನು ದಾಟಿದ ಕೂಡಲೇ ಅವನ ಓಟದ ದಾರಿಗೆ ಅಡ್ಡ ಬನ್ನಿ. ಅವನು ನಿಮ್ಮ ಬೆನ್ನ ಹಿಂದೆ ಬೀಳುತ್ತಾನೆ. ಬಾಲ್ ನಿಮ್ಮ ಕಾಲಿಗೆ ಎಟುಕುವಷ್ಟು ಹತ್ತಿರ ಇದ್ದರೆ ಮೈ ಅಡ್ಡ ಇಟ್ಟು ಕಾಯುವುದು ನಿಯಮಕ್ಕೆ ಸರಿ. ಕೈಯಿಂದ ತಡೆದು ಹಿಡಿದರೆ ಫೌಲ್. ಆಮೇಲೆ ತಲೆ ಎತ್ತಿ. ಪಾಸೋ ಶಾಟೋ, ಎರಡು ಮುಟ್ಟಿನೊಳಗೆ ತೀರ್ಮಾನ ಆಗಬೇಕು.

ಮೊನ್ನೆ ಒಬ್ಬ ಹುಡುಗ, ಎರಡು ತಿಂಗಳಿಂದ ಬಾಟಲಿ ಜೊತೆ ಗುದ್ದಾಡಿದವನು, ಮೊದಲ ಸಲ ತನಗಿಂತ ಅರ್ಧ ಅಡಿ ಎತ್ತರದವನನ್ನು ಪೂರ್ತಿ ವಾಲಿಸಿ ದಾಟಿದ. ಹಿಮ್ಮಡಿ ಎದ್ದಿದ್ದು ನನಗೂ ಕಾಣಿಸಿತು. ದಾಟಿದವನು ಅಲ್ಲೇ ನಿಂತು ನನ್ನ ಕಡೆ ತಿರುಗಿ ಕೂಗಿದ, "ಸರ್, ನೋಡಿದ್ರಿ?"

"ನೋಡ್ದ್ನೋ ತಮ್ಮಾ. ಹಿಂದ ನೋಡು."

ಬಾಲ್ ಆಗಲೇ ಹೋಗಿತ್ತು.