ಕಪ್ಪು ಕಾಡುಕೋಣ, ಬಿಳಿ ರಾಜಹಂಸ: ಸಫಾರಿಯಲ್ಲಿ ಬೆಳಕಿನ ಲೆಕ್ಕ

ಬಾಗಲಕೋಟೆಯಿಂದ ದಾಂಡೇಲಿಯ ಸಫಾರಿಗೆ ಹೊರಡುವ ಗೆಳೆಯರು ನನ್ನನ್ನು ಮೊದಲು ಕೇಳುವುದು ಯಾವ ಲೆನ್ಸ್ ಒಯ್ಯಬೇಕು ಎಂದು. 150-600 ಮಿ.ಮೀ. ಜೂಮ್ ಸಾಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ನೆರಳಿನಲ್ಲಿ ಅದಕ್ಕಿಂತ ಮುಖ್ಯವಾದದ್ದು ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ಯಾಮೆರಾದ ಮೀಟರ್ ಎದುರಿನ ದೃಶ್ಯವನ್ನು ನಡುಮಟ್ಟದ ಬೂದುಬಣ್ಣವೆಂದೇ ಎಣಿಸಿ ಬೆಳಕನ್ನು ನಿರ್ಧರಿಸುತ್ತದೆ. ಇದನ್ನು ನಾನು ಕಾಡಿಗೆ ಹೋಗುವ ಮೊದಲೇ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ, ಹೆರಕಲ್ ಸುತ್ತಮುತ್ತ ಅಭ್ಯಾಸ ಮಾಡಿದೆ. ಬೇಸಿಗೆಯಲ್ಲಿ ನೀರು ಇಳಿದು ಕೆಸರು ತೆರೆದುಕೊಂಡಾಗ ಅಲ್ಲಿ ಸೇರುವ ರಾಜಹಂಸಗಳು (ಫ್ಲೆಮಿಂಗೊ) ಚೌಕಟ್ಟು ತುಂಬಿ ನಿಂತರೆ, ಹೊಳೆಯುವ ನೀರೂ ಬಿಳಿ ಗರಿಯೂ ಕೂಡಿ ಮೀಟರನ್ನು ತಪ್ಪು ದಾರಿಗೆ ಎಳೆಯುತ್ತವೆ. ಒಂದು ಸ್ಟಾಪ್‌ನಷ್ಟು, ಅಂದರೆ ಎರಡು ಪಟ್ಟಿಗೆ, ಬೆಳಕು ಹೆಚ್ಚಿಸದಿದ್ದರೆ ಬಿಳಿ ಬಣ್ಣ ಬೂದುಬಣ್ಣವಾಗುತ್ತದೆ. ನಮ್ಮ ಜಿಲ್ಲೆಯ ಯಡಹಳ್ಳಿ ವನ್ಯಜೀವಿ ಧಾಮದ ಚಿಂಕಾರ ಹುಲ್ಲೆಯ ಕಂದು ಮೈ ಒಣನೆಲದೊಡನೆ ಹೊಂದಿಕೊಳ್ಳುವುದರಿಂದ ಅಲ್ಲಿ ಮೀಟರ್ ಸರಿಯಾಗಿಯೇ ಹೇಳುತ್ತದೆ.

ದಾಂಡೇಲಿಯ ಕಾಡುಕೋಣ ಇದಕ್ಕೆ ಪೂರ್ತಿ ವಿರುದ್ಧ. ಬಿದಿರುಮೆಳೆಯ ಕತ್ತಲೆಯಲ್ಲಿ ಆ ಕಪ್ಪು ಮೈಯನ್ನು ಕಂಡ ಮೀಟರ್ ಬೇಡದ ಬೆಳಕು ತುಂಬಲು ಹೊರಡುತ್ತದೆ. ಮೈ ಮಂಕಾಗಿ ಕಾಣುವುದಷ್ಟೇ ಅಲ್ಲ, ಮೊಣಕಾಲಿನಿಂದ ಕೆಳಗಿನ ಬಿಳಿ ಭಾಗ ವಿವರವೇ ಇಲ್ಲದೆ ಸುಟ್ಟುಹೋಗುತ್ತದೆ. ಆದ್ದರಿಂದ ನಾನು ಮುಕ್ಕಾಲು ಸ್ಟಾಪ್‌ನಷ್ಟು ತಗ್ಗಿಸಿ, ಆ ಬಿಳಿ ಕಾಲುಗಳು ಹಿಸ್ಟೋಗ್ರಾಮಿನ (ಚಿತ್ರದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ತಾಗದಂತೆ ನೋಡಿಕೊಳ್ಳುತ್ತೇನೆ. ನಿಂತ ಪ್ರಾಣಿಗೆ ಶಟರ್ ಸೆಕೆಂಡಿನ 1/500 ಇದ್ದರೆ ನಡೆಯುತ್ತದೆ. ಅದಕ್ಕಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿದರೂ ಚಿಂತಿಸುವುದಿಲ್ಲ, ಏಕೆಂದರೆ ಕಾಳುಕಾಳಾಗಿ ಕಾಣುವ ಚಿತ್ರವನ್ನು ಮನೆಯಲ್ಲಿ ಸರಿಪಡಿಸಬಹುದು, ಅಲುಗಿದ ಚಿತ್ರವನ್ನಲ್ಲ.

ಅಲುಗಾಟದ ಮುಖ್ಯ ಮೂಲ ಜೀಪಿನ ಎಂಜಿನ್. "ಅಣ್ಣಾ, ಸ್ವಲ್ಪ ಗಾಡಿ ಬಂದ್ ಮಾಡ್ರಿ" ಎಂದು ಚಾಲಕರಿಗೆ ಮೆಲ್ಲಗೆ ಹೇಳುತ್ತೇನೆ. ಟ್ರೈಪಾಡ್ ಇಡಲು ಅಲ್ಲಿ ಜಾಗವಿರುವುದಿಲ್ಲ. ಬಟ್ಟೆಯ ಚೀಲಕ್ಕೆ ನಮ್ಮೂರ ಬಿಳಿಜೋಳ ತುಂಬಿ ಜೀಪಿನ ಕಂಬಿಯ ಮೇಲಿಟ್ಟರೆ ಲೆನ್ಸು ಅದರಲ್ಲಿ ಗಟ್ಟಿಯಾಗಿ ಕೂರುತ್ತದೆ. ಕೋಣ ತಲೆಯೆತ್ತಿ ನಮ್ಮತ್ತಲೇ ದಿಟ್ಟಿಸತೊಡಗಿದರೆ ಇನ್ನೂ ಹತ್ತಿರಕ್ಕೆ ಹೋಗಲು ನಾನು ಹೇಳುವುದಿಲ್ಲ, ಹೇಳುವವರನ್ನೂ ತಡೆಯುತ್ತೇನೆ. ಮೇಯುತ್ತಿರುವ ಪ್ರಾಣಿಯ ಚಿತ್ರವೇ ನನಗೆ ಬೇಕಾದದ್ದು.

ಇಷ್ಟರ ನಡುವೆ ತಲೆಯ ಮೇಲೆ ಮಂಗಟ್ಟೆ ಹಾರಿದರೆ ಲೆಕ್ಕವೆಲ್ಲ ತಿರುಗುಮುರುಗಾಗುತ್ತದೆ. ಬೆಳಗುವ ಆಕಾಶದೆದುರು ಹಕ್ಕಿ ಬರೀ ಕಪ್ಪು ಆಕೃತಿಯಾಗಿ ಮೂಡುವುದರಿಂದ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚಿಸಬೇಕು, ಶಟರ್ 1/2000ಕ್ಕೆ ಏರಬೇಕು. ಇವನ್ನೆಲ್ಲ ಆ ಕ್ಷಣದಲ್ಲಿ ಬದಲಿಸಲು ಸಮಯ ಸಾಲದು. ಆದ್ದರಿಂದ ನೆರಳಿನ ಕಾಡುಕೋಣಕ್ಕೆ ಸಿ1, ಆಕಾಶದ ಹಕ್ಕಿಗೆ ಸಿ2 ಎಂದು ಎರಡೂ ಹೊಂದಾಣಿಕೆಗಳನ್ನು ಸಫಾರಿಗೆ ಹೊರಡುವ ಮುನ್ನವೇ ಕ್ಯಾಮೆರಾದ ಡಯಲಿನಲ್ಲಿ ಉಳಿಸಿಕೊಂಡಿರುತ್ತೇನೆ.